ಸೀಸದ ಊರಲ್ಲಿ ಓತಿಕ್ಯಾತ

ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಬೇಲಿ, ಜಗಲಿ, ಮರದ ಬುಡಗಳಲ್ಲೆಲ್ಲ ಕಾಣುವ ಕಂದು ಅನೋಲ್ ಎಂಬ ಪುಟ್ಟ ಓತಿಕ್ಯಾತದ ರಕ್ತದಲ್ಲಿ ಎಷ್ಟು ಸೀಸವಿದೆ ಎಂಬುದನ್ನು ಅಲ್ಲಿನ ಟುಲೇನ್ ವಿಶ್ವವಿದ್ಯಾಲಯದ ಅನಲೀಸ್ ಬ್ಲಾಂಚೆಟ್, ಅಲೆಕ್ಸ್ ಗಂಡರ್ಸನ್ ಮತ್ತು ಸಂಗಡಿಗರು ಅಳೆದು 2025ರಲ್ಲಿ ಪ್ರಕಟಿಸಿದರು. ಒಂದು ಡೆಸಿಲೀಟರ್ ರಕ್ತಕ್ಕೆ ಸರಾಸರಿ 955 ಮೈಕ್ರೋಗ್ರಾಂ. ಅತಿ ಹೆಚ್ಚು ಕಂಡದ್ದು 3,192. ಮಗುವಿನ ರಕ್ತದಲ್ಲಿ 3.5 ಮೈಕ್ರೋಗ್ರಾಂ ಕಂಡರೂ ಅಮೆರಿಕದ ಆರೋಗ್ಯ ಇಲಾಖೆ ಎಚ್ಚರಿಕೆ ಕೊಡುತ್ತದೆ. ನೂರರ ಆಚೆಗೆ ಹೋದರೆ ಮಗುವಿನ ಮಿದುಳು ಊದಿಕೊಂಡು ಪ್ರಾಣಕ್ಕೇ ಸಂಚಕಾರ. ಬೆನ್ನುಮೂಳೆಯುಳ್ಳ ಯಾವ ಪ್ರಾಣಿಯಲ್ಲೂ ಇಷ್ಟು ಸೀಸ ಅದಕ್ಕೆ ಮೊದಲು ದಾಖಲಾಗಿರಲಿಲ್ಲ. ಆದರೂ ಈ ಓತಿಗಳು ಓಡಿದವು, ಆಯ ತಪ್ಪದೆ ನಿಂತವು, ದಣಿಯುವವರೆಗೆ ಓಡಿಸಿದಾಗಲೂ ಸೀಸ ಕಡಿಮೆಯಿದ್ದವಕ್ಕಿಂತ ಹಿಂದೆ ಬೀಳಲಿಲ್ಲ. ಪ್ರಯೋಗಾಲಯದಲ್ಲಿ ಸೀಸ ಉಣಿಸಿ ನೋಡಿದಾಗ, ಆ ವಿಪರೀತ ಮಟ್ಟದ ಸುಮಾರು ಹತ್ತು ಪಟ್ಟಿಗೆ ಹೋಗುವವರೆಗೆ ಅವುಗಳ ಓಟದಲ್ಲಿ ವ್ಯತ್ಯಾಸ ಕಾಣಲಿಲ್ಲ. ಸುದ್ದಿ ಜಗತ್ತೆಲ್ಲ ಹರಡಿತು, ಬಹುಪಾಲು ಕಡೆ ಓತಿಕ್ಯಾತದ ಗಟ್ಟಿತನದ ಕಥೆಯಾಗಿ. ನನಗೆ ಅದು ಒಂದು ನಗರದ ನೂರು ವರ್ಷಗಳ ಚರಿತ್ರೆಯ ಸಾಕ್ಷ್ಯವಾಗಿ ಕಾಣುತ್ತದೆ. ಆ ಚರಿತ್ರೆಯನ್ನು ಬಿಟ್ಟು ಓದಿದರೆ ಈ ಸಂಶೋಧನೆಯಿಂದ ತೀರ ತಪ್ಪಾದ, ಅಪಾಯದ ತೀರ್ಮಾನಕ್ಕೆ ಬರುವುದು ಸುಲಭ. ಆ ತಪ್ಪು ತೀರ್ಮಾನಕ್ಕೂ ಅಷ್ಟೇ ಹಳೆಯ ಚರಿತ್ರೆಯಿದೆ.

ಮೊದಲು ಕಾಲದ ಲೆಕ್ಕ. ಕಂದು ಅನೋಲ್ ನ್ಯೂ ಆರ್ಲಿಯನ್ಸಿನ ಮೂಲನಿವಾಸಿಯಲ್ಲ. ಕ್ಯೂಬಾ, ಬಹಾಮಾಸ್ ದ್ವೀಪಗಳ ಈ ಜೀವಿ 19ನೇ ಶತಮಾನದ ಕೊನೆಗೆ ಫ್ಲಾರಿಡಾದ ದಕ್ಷಿಣ ತುದಿಯ ದ್ವೀಪಗಳಲ್ಲಿ ಕಾಣಿಸಿಕೊಂಡಿತು. ಅಲ್ಲಿಂದ ಸರಕು, ಸಸಿಗಳ ಜೊತೆ ಸಾಗುತ್ತ ನ್ಯೂ ಆರ್ಲಿಯನ್ಸಿನಲ್ಲಿ ನೆಲೆಯೂರಿದ್ದು 1990ರ ದಶಕದ ಹೊತ್ತಿಗೆ. ಅಮೆರಿಕದಲ್ಲಿ ಮನೆಗೆ ಬಳಿಯುವ ಸೀಸದ ಬಣ್ಣ ನಿಷೇಧವಾದದ್ದು 1978ರಲ್ಲಿ, ರಸ್ತೆಯ ವಾಹನಗಳಿಗೆ ಸೀಸ ಬೆರೆತ ಪೆಟ್ರೋಲ್ ಪೂರ್ತಿ ನಿಂತದ್ದು 1996ರ ಜನವರಿ 1ರಂದು. ಎಂದರೆ ಸೀಸದ ಕಾಲ ಮುಗಿಯುತ್ತಿದ್ದಾಗ ಬಂದಿಳಿದ ಪ್ರಾಣಿ ಇದು. ಕಾಡಿನಲ್ಲಾಗಲಿ ಊರಿನಲ್ಲಾಗಲಿ ಇವುಗಳಲ್ಲಿ ಹೆಚ್ಚಿನವು ಒಂದೆರಡು ವರ್ಷಕ್ಕಿಂತ ಹೆಚ್ಚು ಬದುಕುವುದಿಲ್ಲ. ಹೀಗಾಗಿ ಮೊನ್ನೆ ಮೊನ್ನೆ ಹುಟ್ಟಿದ ಓತಿಯ ಮೈಯಲ್ಲಿರುವ ಸೀಸ ಅದರ ತಾತ ಮುತ್ತಾತಂದಿರ ಕಾಲದ ಉಳಿಕೆಯಲ್ಲ, ಈಗ ನೆಲದಲ್ಲಿ ಇರುವ ಸೀಸ. ಕಂದು ಅನೋಲ್ ನೆಲಕ್ಕೆ ಹತ್ತಿರ ಬದುಕುತ್ತದೆ. ಮಣ್ಣಿನ ಹುಳ, ಜೇಡ, ಇರುವೆಗಳನ್ನು ತಿನ್ನುತ್ತದೆ, ಮಣ್ಣಿನಲ್ಲೇ ಮೊಟ್ಟೆಯಿಡುತ್ತದೆ, ಹಳೆಯ ಮನೆಗಳ ಗೋಡೆಯ ಬುಡದಲ್ಲಿ ಬಿಸಿಲು ಕಾಯುತ್ತದೆ. ನಿಯಮಗಳು ಹಳೆಯದಾದವು, ಲೋಹ ಹೋಗಲಿಲ್ಲ. ಸೀಸ ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ, ಮಳೆಯ ನೀರಿನಲ್ಲಿ ಸುಲಭಕ್ಕೆ ಕರಗಿ ಇಳಿದುಹೋಗುವುದೂ ಇಲ್ಲ. ಯಾರೂ ಕೆದಕಿ ತೆಗೆಯದಿದ್ದರೆ ಮೇಲ್ಮಣ್ಣಿನ ಕೆಲವೇ ಅಂಗುಲಗಳಲ್ಲಿ ತಲೆಮಾರುಗಟ್ಟಲೆ ಕೂತಿರುತ್ತದೆ.

ಅಲ್ಲಿಗೆ ಅದು ಬಂದದ್ದು ಎರಡು ದಾರಿಯಲ್ಲಿ. ಒಂದು ಬಣ್ಣ. 1718ರಲ್ಲಿ ಫ್ರೆಂಚರು ಮಿಸಿಸಿಪ್ಪಿಯ ತಿರುವಿನಲ್ಲಿ ಕಟ್ಟಿದ ಈ ಊರು ಮರದ ಮನೆಗಳ ಊರಾಗಿ ಬೆಳೆಯಿತು. ಸೆಕೆ, ಮಳೆ, ಗೆದ್ದಲು ಮೂರೂ ಸೇರಿದ ಕಡೆ ಮರ ಉಳಿಯಬೇಕಾದರೆ ಮತ್ತೆ ಮತ್ತೆ ಬಣ್ಣ ಹೊಡೆಯಲೇಬೇಕು. ಆ ಕಾಲದ ಒಳ್ಳೆಯ ಬಣ್ಣವೆಂದರೆ ಅಗಸೆ ಎಣ್ಣೆಯಲ್ಲಿ ಕಲಸಿದ ಬಿಳಿ ಸೀಸ. ಅದರ ಅಪಾಯ ಗೊತ್ತಿರಲಿಲ್ಲ ಎನ್ನುವಂತಿಲ್ಲ: ಮನೆಯೊಳಗೆ ಬಳಿಯುವ ಬಣ್ಣದಲ್ಲಿ ಬಿಳಿ ಸೀಸವನ್ನು ನಿರ್ಬಂಧಿಸುವ ಅಂತರರಾಷ್ಟ್ರೀಯ ಒಪ್ಪಂದ 1921ರಲ್ಲೇ ಆಗಿತ್ತು, ಅಮೆರಿಕ ಅದಕ್ಕೆ ಸೇರಲಿಲ್ಲ. ಹಳೆಯ ಪದರದ ಮೇಲೆ ಹೊಸ ಪದರ ಬಿತ್ತು; ಮತ್ತೆ ಬಳಿಯುವ ಮುನ್ನ ಉಪ್ಪುಕಾಗದ ಹಾಕಿ ಉಜ್ಜಿದಾಗಲೆಲ್ಲ ಹಳೆಯ ಪದರ ಪುಡಿಯಾಗಿ ಅಂಗಳಕ್ಕೆ ಇಳಿಯಿತು. ಎರಡನೆಯ ದಾರಿ ಪೆಟ್ರೋಲ್. 1921ರ ಡಿಸೆಂಬರಿನಲ್ಲಿ ಜನರಲ್ ಮೋಟಾರ್ಸ್ ಕಂಪನಿಯ ಎಂಜಿನಿಯರ್ ಥಾಮಸ್ ಮಿಜ್ಲಿ, ಟೆಟ್ರಾ ಈಥೈಲ್ ಲೆಡ್ ಎಂಬ ದ್ರವವನ್ನು ಸ್ವಲ್ಪವೇ ಬೆರೆಸಿದರೂ ಇಂಜಿನ್ನಿನ ಬಡಿತ (ನಾಕಿಂಗ್) ನಿಲ್ಲುತ್ತದೆಂದು ಕಂಡುಕೊಂಡ. 1923ರ ಫೆಬ್ರವರಿಯಲ್ಲಿ ಅದು ಬಂಕುಗಳಿಗೆ ಬಂತು. ಅಲ್ಲಿಂದ ಮುಂದೆ ಓಡಿದ ಪ್ರತಿ ಕಾರೂ ಹಿಂದಿನಿಂದ ಸೀಸದ ಧೂಳು ಉಗುಳುತ್ತ ಹೋಯಿತು.

ಈ ಕಥೆಯ ತಿರುವು 1924ರ ಅಕ್ಟೋಬರಿನದು. ನ್ಯೂಜೆರ್ಸಿಯ ಬೇವೇ ಸಂಸ್ಕರಣಾಗಾರದಲ್ಲಿ ಈ ದ್ರವ ತಯಾರಿಸುತ್ತಿದ್ದ ಕೆಲಸಗಾರರು ಒಬ್ಬೊಬ್ಬರಾಗಿ ಚಿತ್ತಭ್ರಮೆಗೆ ಒಳಗಾದರು. ಐವರು ಸತ್ತರು, ಹಲವರು ಆಸ್ಪತ್ರೆ ಸೇರಿದರು. ನ್ಯೂಯಾರ್ಕ್ ಸೇರಿದಂತೆ ಕೆಲವು ಕಡೆ ಸೀಸದ ಪೆಟ್ರೋಲಿನ ಮಾರಾಟ ನಿಂತಿತು. 1925ರ ಮೇ ತಿಂಗಳಲ್ಲಿ ವಾಷಿಂಗ್ಟನ್ನಿನಲ್ಲಿ ಸರ್ಕಾರ ಕರೆದ ಸಭೆಯಲ್ಲಿ ಔದ್ಯೋಗಿಕ ರೋಗಗಳ ವೈದ್ಯೆ ಆಲಿಸ್ ಹ್ಯಾಮಿಲ್ಟನ್, ಯೇಲ್‌ನ ಶರೀರಶಾಸ್ತ್ರಜ್ಞ ಯಾಂಡೆಲ್ ಹೆಂಡರ್ಸನ್ ಕಟುವಾಗಿ ವಿರೋಧಿಸಿದರು: ಪ್ರಶ್ನೆ ಕಾರ್ಖಾನೆಯ ಕೆಲಸಗಾರರದ್ದಷ್ಟೇ ಅಲ್ಲ, ಬೀದಿಯ ಜನರೆಲ್ಲರದು ಎಂಬುದು ಅವರ ವಾದ. ಆದರೆ ಮುಂದಿನ ವರ್ಷ ಸಮಿತಿ ನಿಷೇಧಕ್ಕೆ ಕಾರಣ ಕಾಣಲಿಲ್ಲ, ಮಾರಾಟ ಮತ್ತೆ ಶುರುವಾಯಿತು. ಅದಾದ ಮೇಲೆ ನಾಲ್ಕು ದಶಕ ಅಮೆರಿಕದಲ್ಲಿ ಸೀಸದ ಬಗ್ಗೆ ಅಧಿಕಾರದಿಂದ ಮಾತಾಡಿದವರು ಸಿನ್ಸಿನಾಟಿ ವಿಶ್ವವಿದ್ಯಾಲಯದ ರಾಬರ್ಟ್ ಕೀಹೋ. ಅವರ ಪ್ರಯೋಗಾಲಯಕ್ಕೆ ಹಣ ಬರುತ್ತಿದ್ದದ್ದು ಸೀಸ ಮತ್ತು ಪೆಟ್ರೋಲ್ ಉದ್ಯಮದಿಂದ. ಕೀಹೋ ಹೇಳಿದ್ದರ ಸಾರ ಇಷ್ಟು: ಸೀಸ ಮನುಷ್ಯನ ಮೈಯಲ್ಲಿ ಸಹಜವಾಗಿಯೇ ಇರುತ್ತದೆ, ಒಳಬಂದದ್ದನ್ನು ದೇಹ ಹೊರಹಾಕಿ ಸಮತೋಲ ಕಾಯ್ದುಕೊಳ್ಳುತ್ತದೆ, ರಕ್ತದಲ್ಲಿ 80 ಮೈಕ್ರೋಗ್ರಾಂ ದಾಟದ ಹೊರತು ಹಾನಿಯಿಲ್ಲ, ಹಾನಿಯಾಗಿದೆ ಎನ್ನುವವರು ಅದನ್ನು ತೋರಿಸಲಿ. ಸಹಜ ಎಂಬುದಕ್ಕೆ ಪುರಾವೆಯಾಗಿ ಅವರು ಕಾರುಗಳೇ ಇಲ್ಲದ ಮೆಕ್ಸಿಕೋದ ಹಳ್ಳಿಯವರನ್ನು ಪರೀಕ್ಷಿಸಿದ್ದರು. ಅವರ ಮೈಯಲ್ಲೂ ಸೀಸವಿತ್ತು. ಆ ಹಳ್ಳಿಗರು ಉಣ್ಣುತ್ತಿದ್ದದ್ದು ಸೀಸದ ಮೆರುಗು ಕೊಟ್ಟ ಮಣ್ಣಿನ ತಟ್ಟೆಗಳಲ್ಲಿ ಎಂಬುದನ್ನು ಗಮನಿಸಿದರೆ ಆ ಪುರಾವೆ ಅಲ್ಲೇ ಬಿದ್ದುಹೋಗುತ್ತದೆ. ಆದರೂ ಅದು ಮೂವತ್ತು ವರ್ಷ ನಿಂತಿತು.

ಕೀಹೋ ವಾದವನ್ನು ಕೆಡವಿದವರು ವೈದ್ಯರಲ್ಲ, ಭೂರಸಾಯನಶಾಸ್ತ್ರಜ್ಞ ಕ್ಲೇರ್ ಪ್ಯಾಟರ್ಸನ್. ಉಲ್ಕಾಶಿಲೆಯ ಸೀಸ ಅಳೆದು ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷ ಎಂದು ಲೆಕ್ಕ ಹಾಕಿದವರು ಅವರು. ಆ ಕೆಲಸಕ್ಕಾಗಿ ಪ್ರಯೋಗಾಲಯದ ಧೂಳಿನಿಂದ ಸೀಸವನ್ನು ದೂರವಿಡಲು ವರ್ಷಗಟ್ಟಲೆ ಹೆಣಗಿದಾಗ, ಕಣ್ಣಿಗೆ ಬಿದ್ದದ್ದೆಲ್ಲದರಲ್ಲೂ ಸೀಸ ಬೆರೆತಿದೆ ಎಂಬುದು ಅವರಿಗೆ ತಿಳಿಯಿತು. ಎಲ್ಲರ ಮೈಯಲ್ಲೂ ಇದೆ ಎಂದಮಾತ್ರಕ್ಕೆ ಅದು ಸಹಜವಾಗುವುದಿಲ್ಲ, ಎಲ್ಲರೂ ಮಲಿನರಾಗಿದ್ದಾರೆ ಎಂದಷ್ಟೇ ಅರ್ಥ ಎಂದು 1965ರ ಲೇಖನದಲ್ಲಿ ಅವರು ವಾದಿಸಿದರು. 1979ರಲ್ಲಿ ಹರ್ಬರ್ಟ್ ನೀಡಲ್‌ಮನ್ ಬಾಸ್ಟನ್ ಸುತ್ತಲಿನ ಶಾಲಾಮಕ್ಕಳ ಉದುರಿದ ಹಾಲುಹಲ್ಲುಗಳನ್ನು ಸಂಗ್ರಹಿಸಿ ಸೀಸ ಅಳೆದರು. ಯಾವ ಮಗುವೂ ಕಾಯಿಲೆಯೆಂದು ಆಸ್ಪತ್ರೆಗೆ ಹೋದದ್ದಲ್ಲ. ಓಡುತ್ತಿದ್ದವು, ಆಡುತ್ತಿದ್ದವು, ಶಾಲೆಗೆ ಬರುತ್ತಿದ್ದವು. ಆದರೆ ಹಲ್ಲಿನಲ್ಲಿ ಸೀಸ ಹೆಚ್ಚಿದ್ದ ಮಕ್ಕಳು ಬುದ್ಧಿಶಕ್ತಿಯ ಪರೀಕ್ಷೆಯಲ್ಲಿ ಹಿಂದುಳಿದಿದ್ದರು. ಅವರಿಗೆ ಗಮನ ನಿಲ್ಲುವುದಿಲ್ಲ ಎಂದು ಅವರ ಮಾಸ್ತರುಗಳು ಹೇಳಿದರು. ನೋಟಕ್ಕೆ ಆರೋಗ್ಯವಾಗಿರುವ ದೇಹ ಒಳಗೆ ಕಳೆದುಕೊಂಡಿರುವುದನ್ನು ಕಾಣಬೇಕಾದರೆ ಏನನ್ನು ಅಳೆಯಬೇಕು ಎಂಬುದನ್ನು ಮೊದಲು ತಿಳಿದಿರಬೇಕು. ಸೀಸದ ನೂರು ವರ್ಷಗಳ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವ ಸಂಗತಿ ಇದು. ಓತಿಕ್ಯಾತದ ವಿಚಾರಕ್ಕೆ ಅದು ನೇರವಾಗಿ ಹೊಂದುತ್ತದೆ.

ಅದಕ್ಕೆ ಮುಂಚೆ ನ್ಯೂ ಆರ್ಲಿಯನ್ಸಿನ ಮಣ್ಣಿನ ಮಾತು ಮುಗಿಸಬೇಕು. ಹಾವರ್ಡ್ ಮೀಲ್ಕಿ ಎಂಬ ವಿಜ್ಞಾನಿ ಬಾಲ್ಟಿಮೋರ್ ನಗರದ ಕೈತೋಟಗಳ ಮಣ್ಣು ಪರೀಕ್ಷಿಸಿ 1983ರಲ್ಲಿ ಫಲಿತಾಂಶ ಪ್ರಕಟಿಸಿದರು. ಸೀಸ ಬರುವುದು ಬಣ್ಣದಿಂದ ಮಾತ್ರ ಎಂದಾಗಿದ್ದರೆ ಮರದ ಮನೆಗಳ ಬಡಾವಣೆಯಲ್ಲಿ ಅದು ಹೆಚ್ಚು ಕಾಣಬೇಕಿತ್ತು. ಕಂಡದ್ದು ಊರಿನ ನಡುಭಾಗದಲ್ಲಿ, ಬಣ್ಣ ಕಾಣದ ಇಟ್ಟಿಗೆ ಮನೆಗಳೇ ಹೆಚ್ಚಿರುವಲ್ಲಿ, ವಾಹನಗಳು ಕಿಕ್ಕಿರಿದ ಕಡೆ. 1980ರ ದಶಕದ ಕೊನೆಗೆ ನ್ಯೂ ಆರ್ಲಿಯನ್ಸಿಗೆ ಬಂದ ಮೀಲ್ಕಿ ಇಡೀ ನಗರದ ಮಣ್ಣಿನ ನಕ್ಷೆ ಮಾಡಿದಾಗ ಅದೇ ಚಿತ್ರ ಮೂಡಿತು: ಹಳೆಯ ನಡುಪೇಟೆಯಲ್ಲಿ ಸೀಸ ರಾಶಿ, ಹೊರವಲಯದಲ್ಲಿ ವಿರಳ. ಆ ನಡುಪೇಟೆಯಲ್ಲಿ ವಾಸಿಸುತ್ತಿದ್ದವರು ಬಹುಪಾಲು ಕಪ್ಪು ಜನ, ಬಡವರು. ಟ್ರೆಮೇ ಕೇರಿಯ ಕ್ಲೇಬೋರ್ನ್ ಅವೆನ್ಯೂ ಅವರ ಅಂಗಡಿಬೀದಿ, ಹಬ್ಬದ ಬೀದಿ. ನಡುವೆ ದೊಡ್ಡ ಓಕ್ ಮರಗಳ ಸಾಲಿತ್ತು. 1966ರಲ್ಲಿ ಆ ಮರಗಳನ್ನು ಕಡಿದು ಬೀದಿಯ ನೆತ್ತಿಯ ಮೇಲೆ ಹೆದ್ದಾರಿಯ ಮೇಲ್ಸೇತುವೆ ಕಟ್ಟಿದರು. ಪೆಟ್ರೋಲಿನಲ್ಲಿ ಸೀಸ ಅತಿ ಹೆಚ್ಚು ಸುರಿಯುತ್ತಿದ್ದ ವರ್ಷಗಳು ಅವು. ಆ ಹೊಗೆಯ ಲೋಹ ಕೆಳಗಿನ ಅಂಗಳಗಳಿಗೇ ಇಳಿಯಿತು. ಯಾವ ಮಣ್ಣಿನಲ್ಲಿ ಎಷ್ಟು ಸೀಸ ಸೇರಬೇಕು ಎಂಬುದನ್ನು ಪ್ರಕೃತಿ ತೀರ್ಮಾನಿಸಲಿಲ್ಲ. ರಸ್ತೆ ಎಲ್ಲಿ ಹಾಯಬೇಕು ಎಂದು ನಕ್ಷೆಯ ಮೇಲೆ ಗೆರೆ ಎಳೆದವರು ತೀರ್ಮಾನಿಸಿದರು.

ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು ಎಲ್ಲರಿಗೂ ಹೊಳೆಯುವಂಥದು: ಇಷ್ಟು ಸೀಸ ಹೊತ್ತ ಪ್ರಾಣಿ ಚೆನ್ನಾಗಿಯೇ ಬದುಕುತ್ತಿದೆಯೆಂದರೆ, ನಾವು ಸೀಸಕ್ಕೆ ಅತಿಯಾಗಿ ಹೆದರುತ್ತಿದ್ದೇವೆಯೇ? ಸಂಶೋಧಕರು ಹಾಗೆ ಹೇಳಿಲ್ಲ. ಮಕ್ಕಳ ವಿಚಾರದಲ್ಲಿ ಈ ಅಂಕಿಗಳು ಎಚ್ಚರಿಕೆಯ ಗಂಟೆ ಎಂಬುದೇ ಈ ಕೆಲಸದ ಒಂದು ಮುಖ್ಯ ಅರ್ಥ. ಆದರೂ ಪ್ರಶ್ನೆಗೆ ಉತ್ತರ ಬೇಕು. ಟುಲೇನ್‌ನಲ್ಲಿ ಅಳೆದದ್ದು ಓಟ, ಆಯ, ದಮ್ಮು. ಒಂದೆರಡು ವರ್ಷ ಬದುಕುವ, ಹುಳ ಹಿಡಿದು, ಹಕ್ಕಿಯಿಂದ ತಪ್ಪಿಸಿಕೊಂಡು, ಮೊಟ್ಟೆಯಿಟ್ಟು ಮುಗಿಸುವ ಜೀವಿಗೆ ಅವು ಸರಿಯಾದ ಅಳತೆಗಳೇ. ಮಗುವಿಗಲ್ಲ. ಸೀಸ ದೇಹದೊಳಗೆ ಕ್ಯಾಲ್ಸಿಯಂನ ವೇಷದಲ್ಲಿ ಓಡಾಡುತ್ತದೆ: ಮೂಳೆಯಲ್ಲಿ ಕೂರುತ್ತದೆ, ನರಕೋಶಗಳ ಸಂದೇಶ ಕೆಡಿಸುತ್ತದೆ, ರಕ್ತದ ಕೆಂಪು ಕಣ ತಯಾರಾಗುವ ದಾರಿಯಲ್ಲಿ ಅಡ್ಡ ನಿಲ್ಲುತ್ತದೆ. ಹಲವಾರು ವರ್ಷ ನಿಧಾನವಾಗಿ ಬೆಳೆಯುವ, ಭಾಷೆ, ಲೆಕ್ಕ, ತಾಳ್ಮೆ ಕಲಿಯುವ ಮಿದುಳಿನಲ್ಲಿ ಆಗುವ ನಷ್ಟ ಓಟದ ಪಂದ್ಯದಲ್ಲಿ ಕಾಣುವುದಿಲ್ಲ. ನೀಡಲ್‌ಮನ್ನರ ಮಕ್ಕಳೂ ಓಡಬಲ್ಲವರೇ ಆಗಿದ್ದರು. ಓತಿಯ ದೇಹವೂ ಏನೂ ಆಗಿಲ್ಲವೆಂಬಂತೆ ಇಲ್ಲ. ಸೀಸ ಹೆಚ್ಚಿದ್ದವುಗಳ ಮತ್ತು ಕಡಿಮೆಯಿದ್ದವುಗಳ ಅಂಗಾಂಶಗಳನ್ನು ಹೋಲಿಸಿದಾಗ ಲೋಹದ ಅಯಾನುಗಳ ಸಾಗಣೆಗೆ, ಆಮ್ಲಜನಕ ಹೊರುವುದಕ್ಕೆ ಸಂಬಂಧಿಸಿದ ಜೀನ್‌ಗಳು ಬೇರೆಯಾಗಿ ಕೆಲಸ ಮಾಡುತ್ತಿದ್ದುದು ಕಂಡಿತು. ಅಂದರೆ ಆ ದೇಹ ಏನನ್ನೋ ಸರಿದೂಗಿಸುತ್ತಿದೆ.

ಸರೀಸೃಪಗಳ ಗಟ್ಟಿತನದ ಇನ್ನೊಂದು ಮುಖ ದಕ್ಷಿಣ ಆಫ್ರಿಕದ ಸೇಂಟ್ ಲೂಸಿಯಾ ಅಳಿವೆಯಲ್ಲಿ ಸಿಕ್ಕಿತು. ಅದು ನಗರವಲ್ಲ, ಹೆಸರಾಂತ ಸಂರಕ್ಷಿತ ತಾಣ. ಮೀನು ಹಿಡಿಯುವವರ ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳನ್ನು ನುಂಗಿದ ನೈಲ್ ಮೊಸಳೆಗಳ ರಕ್ತದಲ್ಲೂ ವಿಪರೀತ ಸೀಸವಿತ್ತು. ನೋಟಕ್ಕೆ ಹೆಚ್ಚಿನವು ಮೈತುಂಬಿಕೊಂಡು ಚೆನ್ನಾಗಿಯೇ ಇದ್ದವು. ಆದರೆ ಅತಿ ಹೆಚ್ಚು ಸೀಸವಿದ್ದವುಗಳ ರಕ್ತ ತೆಗೆದಾಗ ಕೆಂಪು ಕಣಗಳ ಪ್ರಮಾಣ ತೀರ ಕುಸಿದಿತ್ತು, ಬಾಯಿ ತೆರೆದಾಗ ಹಲ್ಲುಗಳು ಹಾಳಾಗಿದ್ದವು. ಅವು ತಡೆದುಕೊಳ್ಳುತ್ತಿವೆ ಎಂಬುದು ಪೂರ್ತಿ ನಿಜ, ಅವಕ್ಕೆ ಏನೂ ಆಗಿಲ್ಲ ಎಂಬುದು ಪೂರ್ತಿ ಸುಳ್ಳು. ಈ ಎರಡು ಮಾತುಗಳ ನಡುವಿನ ಅಂತರವನ್ನು ಅಳಿಸಿಹಾಕಿಯೇ ಕೀಹೋ ನಾಲ್ಕು ದಶಕ ಗೆದ್ದದ್ದು. ಓತಿಕ್ಯಾತದ ಹೆಸರಿನಲ್ಲಿ ಆ ಅಂತರ ಮತ್ತೆ ಅಳಿಸಿಹೋಗಬಾರದು.

ಎರಡನೆಯ ಆಕ್ಷೇಪ ವಿಕಾಸವಾದದ ಕಡೆಯಿಂದ ಬರುತ್ತದೆ: ಜೀವಿಗಳು ಹೊಂದಿಕೊಳ್ಳುತ್ತವೆ, ಕಾಲ ಕೊಟ್ಟರೆ ಪ್ರಕೃತಿ ತಾನೇ ದಾರಿ ಹುಡುಕುತ್ತದೆ. ಇದಕ್ಕೆ ಒಳ್ಳೆಯ ಉದಾಹರಣೆ ಪೆಸಿಫಿಕ್ ಸಾಗರದ ನ್ಯೂ ಕ್ಯಾಲಡೋನಿಯಾದಲ್ಲಿದೆ. ಫ್ರಾನ್ಸಿನ ಆಡಳಿತದ ಈ ದ್ವೀಪದಲ್ಲಿ 1864ರಲ್ಲಿ ನಿಕ್ಕಲ್ ಅದಿರು ಪತ್ತೆಯಾಯಿತು. ರಾಜಧಾನಿ ನೂಮೆಯಾದ ಕಡಲ ದಂಡೆಯಲ್ಲೇ 1910ರಿಂದ ಅದಿರು ಕರಗಿಸುವ ಕುಲುಮೆ ಉರಿಯುತ್ತಿದೆ. ಅಲ್ಲಿನ ಕೊಲ್ಲಿಗಳಲ್ಲಿರುವ ಆಮೆತಲೆಯ ಕಡಲ ಹಾವು ಬೇರೆ ಕಡೆ ಕಪ್ಪು ಬಿಳಿ ಪಟ್ಟೆಯದು, ನಗರದ ಬಳಿ ಬಹುಪಾಲು ಪೂರ್ತಿ ಕಪ್ಪು. ಕ್ಲೇರ್ ಗೊಯ್‌ರಾನ್, ಪಾಕೊ ಬುಸ್ತಮಾಂತೆ, ರಿಕ್ ಶೈನ್ 2017ರಲ್ಲಿ ಹಾವುಗಳ ಪೊರೆಗಳನ್ನು ಪರೀಕ್ಷಿಸಿದಾಗ ನಗರದ ಬಳಿಯವುಗಳಲ್ಲಿ ಲೋಹ ಹೆಚ್ಚಿತ್ತು. ಇನ್ನೊಂದು ಜಾತಿಯ ಪಟ್ಟೆ ಹಾವುಗಳಲ್ಲಿ ಬಿಳಿ ಭಾಗಕ್ಕಿಂತ ಕಪ್ಪು ಭಾಗದಲ್ಲಿ ಲೋಹ ಹೆಚ್ಚಿತ್ತು. ಕಪ್ಪಿಗೆ ಕಾರಣವಾದ ಮೆಲನಿನ್ ಲೋಹವನ್ನು ಹಿಡಿದುಕೊಳ್ಳುತ್ತದೆ, ಹಾವು ಪೊರೆ ಕಳಚಿದಾಗ ಆ ಲೋಹವೂ ಕಳಚಿಹೋಗುತ್ತದೆ. ಹಿಂದೆ ಬಾಂಬ್ ಹಾಕುವ ಅಭ್ಯಾಸಕ್ಕೆ ಬಳಸುತ್ತಿದ್ದ ಆಸ್ಟ್ರೇಲಿಯಾದ ಒಂದು ದೂರದ ಹವಳದ ದಿಬ್ಬದಲ್ಲೂ ಹಾವುಗಳು ಕಪ್ಪಾಗಿದ್ದುದು ಈ ವಿವರಣೆಗೆ ಬಲ ಕೊಡುತ್ತದೆ. ವಿವರಣೆ ಚೆಂದವಾಗಿದೆ, ಬಹುಶಃ ಸರಿಯೂ ಇದೆ. ಆದರೆ ಅದರ ಬೆಲೆಯನ್ನೂ ಕೇಳಬೇಕು. ಕಪ್ಪು ಹಾವಿನ ಮೈಗೆ ಪಾಚಿ ಹೆಚ್ಚು ಹತ್ತುತ್ತದೆ, ಪಾಚಿ ಹತ್ತಿದ ಹಾವಿನ ಈಜು ನಿಧಾನವಾಗುತ್ತದೆ ಎಂಬುದನ್ನು ಶೈನ್ ಮತ್ತು ಸಂಗಡಿಗರೇ ಮುಂಚೆ ತೋರಿಸಿದ್ದರು. ಅದಕ್ಕಿಂತ ದೊಡ್ಡ ಬೆಲೆ ಲೆಕ್ಕಕ್ಕೇ ಸಿಗುವುದಿಲ್ಲ. ಒಂದು ಗುಂಪು ವಿಷಕ್ಕೆ ಹೊಂದಿಕೊಂಡಿತು ಎಂದರೆ, ಹೊಂದಿಕೊಳ್ಳದವು ಸಂತಾನ ಬಿಡದೆ ಹೋದವು ಎಂದರ್ಥ. ಮನುಷ್ಯರ ಕೇರಿಯೊಂದಕ್ಕೆ ಆ ದಾರಿಯನ್ನು ಯಾರೂ ಸೂಚಿಸಲಾರರು. ಕಂದು ಅನೋಲ್ ಈ ಶಕ್ತಿಯನ್ನು ನ್ಯೂ ಆರ್ಲಿಯನ್ಸಿನಲ್ಲೇ ಗಳಿಸಿತು ಎನ್ನಲು ಮೂವತ್ತು ವರ್ಷ ಸಣ್ಣ ಅವಧಿಯೂ ಹೌದು. ಆ ವಂಶದ ದೇಹದಲ್ಲಿ ಮೊದಲೇ ಇದ್ದ ಗುಣ ಇಲ್ಲಿ ಪ್ರಯೋಜನಕ್ಕೆ ಬಂದಿರುವ ಸಾಧ್ಯತೆಯೂ ಇದೆ.

ಮೂರನೆಯ ಆಕ್ಷೇಪಕ್ಕೆ ನಾನು ಹೆಚ್ಚು ತಲೆಬಾಗುತ್ತೇನೆ: ನಗರದ ಸೀಸ ಕಡಿಮೆಯಾಗುತ್ತಿದೆಯಲ್ಲ, ಹಳೆಯ ಗಾಯವನ್ನು ಯಾಕೆ ಕೆದಕಬೇಕು? ಕಡಿಮೆಯಾಗಿರುವುದು ನಿಜ. 2005ರ ಆಗಸ್ಟಿನ ಕತ್ರೀನಾ ಚಂಡಮಾರುತದಲ್ಲಿ ಒಡ್ಡುಗಳು ಒಡೆದು ನಗರದ ಸುಮಾರು ಶೇಕಡ 80 ಭಾಗ ಮುಳುಗಿತು. ನೀರಿನೊಂದಿಗೆ ಬಂದ, ಸೀಸ ಕಡಿಮೆಯಿದ್ದ ಹೂಳು ಹಳೆಯ ಮಣ್ಣಿನ ಮೇಲೆ ಕೂತಿತು, ಎಷ್ಟೋ ಹಳೆಯ ಮನೆಗಳು ನೆಲಸಮವಾದವು. ಮೀಲ್ಕಿ ತಂಡ 2019ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಚಂಡಮಾರುತಕ್ಕೆ ಮುಂಚೆ ಕಿಲೋ ಮಣ್ಣಿಗೆ 280 ಮಿಲಿಗ್ರಾಂ ಇದ್ದ ಸೀಸದ ಮಧ್ಯಾಂಕ ದಶಕದ ನಂತರ 132ಕ್ಕೆ ಇಳಿದಿತ್ತು. ಮಕ್ಕಳ ರಕ್ತದಲ್ಲಿ 3.6 ಮೈಕ್ರೋಗ್ರಾಂ ಇದ್ದದ್ದು 1.2ಕ್ಕೆ ಇಳಿದಿತ್ತು. ಈ ಎರಡು ಇಳಿತಗಳನ್ನು ಜೊತೆಗಿಟ್ಟು ನೋಡಬೇಕು. ಮಕ್ಕಳ ದೇಹ ಸೀಸಕ್ಕೆ ಒಗ್ಗಿಕೊಂಡದ್ದರಿಂದ ಅವರ ರಕ್ತ ಶುದ್ಧವಾಗಲಿಲ್ಲ. ಮಣ್ಣು ಬದಲಾಯಿತು, ರಕ್ತ ಬದಲಾಯಿತು. ಸಾವಿರಕ್ಕೂ ಹೆಚ್ಚು ಜನರನ್ನು ಕೊಂದ ದುರಂತವೊಂದು ಆಕಸ್ಮಿಕವಾಗಿ ಮಾಡಿದ ಈ ಕೆಲಸವನ್ನು ಆಡಳಿತ ಅದಕ್ಕೂ ಮುಂಚೆಯೇ ಬೇಕೆಂದು ಮಾಡಬಹುದಿತ್ತು. ಭಾರತದ ಅನುಭವವೂ ಅದನ್ನೇ ಹೇಳುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಮತ್ತು ಸಂಗಡಿಗರು 1990ರ ದಶಕದ ಕೊನೆಗೆ ನಮ್ಮ ನಗರಗಳ ಮಕ್ಕಳ ರಕ್ತ ಅಳೆದು, ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಸೀಸ 10 ಮೈಕ್ರೋಗ್ರಾಂ ದಾಟಿದೆ ಎಂದು ತೋರಿಸಿದರು. 2000ದಲ್ಲಿ ದೇಶದ ಪೆಟ್ರೋಲಿನಿಂದ ಸೀಸ ಹೋಯಿತು, 2017ರಿಂದ ಬಣ್ಣಕ್ಕೂ ಬಿಗಿ ಮಿತಿ ಬಂತು. ಮಕ್ಕಳನ್ನು ಕಾಪಾಡಿದ್ದು ಸೀಸವನ್ನು ತೆಗೆದದ್ದೇ ಹೊರತು ಅವರ ಸಹನಶಕ್ತಿಯಲ್ಲ.

ಮಧ್ಯಾಂಕ ಇಳಿದ ಊರಿನಲ್ಲೇ 955ರ ಓತಿಕ್ಯಾತ ಸಿಕ್ಕಿದೆ ಎಂಬುದನ್ನೂ ಮರೆಯುವಂತಿಲ್ಲ. ಮಧ್ಯಾಂಕ ಇಡೀ ನಗರದ ಮಾತು. ಒಂದೊಂದು ಅಂಗಳದ ಮಾತು ಬೇರೆ. ಈ ಓತಿ ದೂರ ಅಲೆಯುವುದಿಲ್ಲ, ಒಂದು ಬೇಲಿ, ಒಂದು ಮರ, ಒಂದು ಗೋಡೆಯ ಸುತ್ತಲೇ ಅದರ ಬಾಳು. ಅದರ ರಕ್ತ ಹೇಳುವುದು ಆ ಅಂಗಳದ ಮಣ್ಣಿನ ವಿಷಯವನ್ನು. ಆಸ್ಟ್ರೇಲಿಯಾದ ಪರ್ತ್ ನಗರದ ಕೆರೆಗಳಲ್ಲಿ ಡೇಮಿಯನ್ ಲೆಟೂಫ್ ಟೈಗರ್ ಹಾವುಗಳ ಯಕೃತ್ತಿನ ಲೋಹ ಅಳೆದು ಕೆರೆಯಿಂದ ಕೆರೆಗೆ ಇರುವ ವ್ಯತ್ಯಾಸ ತೋರಿಸಿದ್ದು ಇದೇ ಕಾರಣಕ್ಕೆ: ಹೆಚ್ಚು ಅಲೆಯದ ಸರೀಸೃಪ ತನ್ನ ನೆಲೆಯ ಮಾಲಿನ್ಯವನ್ನು ಮೈಯಲ್ಲೇ ಹೊತ್ತಿರುತ್ತದೆ. ಬೇಗ ಸಾಯುವ ಪ್ರಾಣಿಯಾಗಿದ್ದರೆ ಸೀಸ ತೀವ್ರವಾಗಿರುವ ಅಂಗಳದಲ್ಲಿ ಅದು ಅಳತೆಗೆ ಸಿಗುತ್ತಲೇ ಇರಲಿಲ್ಲ. ಅದರ ತಾಳಿಕೆಯಿಂದ ನಮಗೆ ಒದಗುವ ಉಪಯೋಗ ಇದೊಂದೇ, ಅದು ಸಣ್ಣದಲ್ಲ. ನ್ಯೂ ಆರ್ಲಿಯನ್ಸಿನ ಹಲವು ಶಿಶುವಿಹಾರಗಳಲ್ಲಿ ಮೀಲ್ಕಿ ಮತ್ತು ಸಂಗಡಿಗರು ಮಿಸಿಸಿಪ್ಪಿಯ ಬಾನೆ ಕ್ಯಾರೆ ಪ್ರವಾಹಗಾಲುವೆಯಿಂದ ಸೀಸ ತೀರ ಕಡಿಮೆಯಿರುವ ಮೆಕ್ಕಲು ಮಣ್ಣು ತಂದು ಆಟದ ಜಾಗದ ಮೇಲೆ ಹಾಸಿದರು. ಹಳೆಯ ಮಣ್ಣು ಕೆಳಗೆ ಮುಚ್ಚಿಹೋಯಿತು. ನದಿ ಮಣ್ಣು ತಂದುಕೊಡುತ್ತಲೇ ಇರುತ್ತದೆ, ಲಾರಿಗಳಿವೆ, ಹಾಸುವ ವಿಧಾನ ಗೊತ್ತಿದೆ. 2024ರಲ್ಲಿ ಅಮೆರಿಕದ ಪರಿಸರ ಇಲಾಖೆ ಮನೆಯಂಗಳದ ಮಣ್ಣಿಗೆ ಇದ್ದ 400 ಮಿಲಿಗ್ರಾಂನ ಎಚ್ಚರಿಕೆ ಮಟ್ಟವನ್ನು 200ಕ್ಕೆ ಇಳಿಸಿದಾಗ, ಅದುವರೆಗೆ ಸುರಕ್ಷಿತ ಎನಿಸಿದ್ದ ಎಷ್ಟೋ ಅಂಗಳಗಳು ಆ ಗೆರೆಯ ಆಚೆಗೆ ಬಂದವು. ಅವುಗಳಲ್ಲಿ ಮೊದಲು ಯಾವುದಕ್ಕೆ ಮಣ್ಣು ಹಾಸಬೇಕು ಎಂಬ ಪಟ್ಟಿಯನ್ನು ಓತಿಕ್ಯಾತದ ರಕ್ತದಿಂದಲೂ ತಯಾರಿಸಬಹುದು.